ಹಿಡಿ ಹಿಟ್ಟಿನ ಕಾಣಿಕೆ

ಓದತಕ್ಕ ವೇದಭಾಗ: 1 ಅರಸುಗಳು 17ನೆಯ ಅಧ್ಯಾಯ, 8ರಿಂದ 24ನೆಯ ವಚನಗಳು.



ಇಸ್ರಾಯೇಲ್ ದೇಶದಲ್ಲಿ ಮಳೆ ನಿಂತು ಕೆರೀತ್ ಹಳ್ಳವು ಬತ್ತಿಹೋದಾಗ, ದೇವರು ತನ್ನ ಪ್ರವಾದಿಯಾದ ಎಲೀಯನನ್ನು ಯಾರ ಬಳಿಗೆ ಕಳುಹಿಸಿದನು? ಕಣಜ ತುಂಬಿದ ಸಾಹುಕಾರನ ಬಾಗಿಲಿಗಲ್ಲ, ಚೀದೋನ್ ಸೀಮೆಯ ಚಾರೆಪ್ತಾ ಊರಿನ ಒಬ್ಬ ಬಡ ವಿಧವೆಯ ಬಳಿಗೆ. ಆಕೆಯು ಊರಬಾಗಲಿನಲ್ಲಿ ಕಟ್ಟಿಗೆ ಆರಿಸುತ್ತಿದ್ದಳು. ಮಡಕೆಯ ತಳದಲ್ಲಿ ಒಂದು ಹಿಡಿ ಹಿಟ್ಟು, ಕುಡಿಕೆಯಲ್ಲಿ ತುಸು ಎಣ್ಣೆ, ಆಕೆಯ ಆಸ್ತಿ ಇಷ್ಟೇ. ಅದನ್ನು ಸುಟ್ಟು ಮಗನೊಡನೆ ಉಂಡ ಮೇಲೆ ಸಾಯುವದೊಂದೇ ಉಳಿದದೆಯೆಂದು ಆಕೆಯು ನೊಂದು ನುಡಿದಳು. ಅಂಥವಳಿಂದಲೇ ಪ್ರವಾದಿಯು ಮೊದಲನೆಯ ರೊಟ್ಟಿಯನ್ನು ಕೇಳಿದನು.

ಇದು ಕಠಿಣವಾದ ಮಾತೆಂದು ನಮಗೆ ತೋರುವದು. ಹಸಿದ ಕೂಸಿನ ತುತ್ತನ್ನು ತೆಗೆದುಕೊಳ್ಳುವದು ದೇವರಿಗೆ ತಕ್ಕದ್ದೋ? ಆದರೆ ಎಲೀಯನು ಬರಿದಾಗಿ ಕೇಳಲಿಲ್ಲ. ಮಳೆ ಸುರಿಯುವ ದಿನದ ವರೆಗೂ ಹಿಟ್ಟಾಗಲಿ ಎಣ್ಣೆಯಾಗಲಿ ತೀರುವದಿಲ್ಲವೆಂಬ ದೇವರ ವಾಗ್ದಾನವನ್ನು ಆಕೆಯ ಮುಂದಿಟ್ಟನು. ಕಣ್ಣಿಗೆ ಕಂಡದ್ದು ಬರಿದಾಗುವ ಮಡಕೆ, ಕಿವಿಗೆ ಬಿದ್ದದ್ದು ದೇವರ ಮಾತು. ಆಕೆಯು ಮಾತನ್ನೇ ನಂಬಿ ಒಲೆ ಹೊತ್ತಿಸಿದಳು. ಮಡಕೆ ತುಂಬಿದ ಮೇಲೆ ಕೊಡುವದಕ್ಕೆ ನಂಬಿಕೆಯೇ ಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸೋಣ. ಮಡಕೆಯು ಕಂಠದ ವರೆಗೆ ತುಂಬಿತೆಂದು ವೇದದಲ್ಲಿ ಬರೆದಿಲ್ಲ. ತೀರಲಿಲ್ಲವೆಂದು ಮಾತ್ರ ಬರೆದದೆ. ಆದದರಿಂದ ಆಕೆಯು ದಿನದಿನವೂ ತಳಕ್ಕೆ ಕೈ ಹಾಕಿ, ದಿನದಿನವೂ ಹೊಸದಾಗಿ ನಂಬಬೇಕಾಯಿತು. ಅರಣ್ಯದಲ್ಲಿ ಬಿದ್ದ ಮನ್ನವೂ ಅಂತೆಯೇ ಆಯಾ ದಿನಕ್ಕೆ ಸಾಕಾಗುವಷ್ಟೇ ಇತ್ತು. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿಯೂ ನಾವು ಬೇಡುವದು ವರುಷದ ಧಾನ್ಯವನ್ನಲ್ಲ, ಆ ದಿನದ ಆಹಾರವನ್ನು.

ಆದರೆ ಕಾಣಿಕೆಯು ವ್ಯಾಪಾರವಲ್ಲ. ಹತ್ತು ಕೊಟ್ಟರೆ ನೂರು ಬರುವದೆಂದು ಬೋಧಿಸುವವರಿಗೆ ನಾವು ಕಿವಿಗೊಡಬಾರದು. ಯಾಕಂದರೆ ಪ್ರವಾದಿಗೆ ಅನ್ನವಿಕ್ಕಿದ ಆ ಮನೆಯಲ್ಲಿಯೇ ಮಗನು ರೋಗದಿಂದ ಬಿದ್ದು ಉಸಿರು ಬಿಟ್ಟನು. ಕೊಟ್ಟವಳ ಬಾಗಿಲಿಗೂ ದುಃಖವು ಬಂತು. ದೇವರು ಎಲೀಯನ ಮೊರೆಯನ್ನು ಕೇಳಿ ಹುಡುಗನನ್ನು ತಿರಿಗಿ ಕೊಟ್ಟನು. ಆದರೂ ಎಲ್ಲಾ ತಾಯಂದಿರಿಗೂ ಇಹಲೋಕದಲ್ಲಿ ಹಾಗೆ ದೊರಕುವದಿಲ್ಲವೆಂಬದನ್ನು ನಾವು ಬಲ್ಲೆವು. ಹೀಗಿರಲಾಗಿ ನಮ್ಮ ಭರವಸವು ಹಿಟ್ಟಿನ ಮೇಲೆ ಅಲ್ಲ, ಹಿಟ್ಟನ್ನು ಕೊಡುವಾತನ ಮೇಲೆ ನಿಲ್ಲಬೇಕು. ಆತನು ತನ್ನ ಪ್ರಿಯ ಕುಮಾರನನ್ನೇ ನಮಗೋಸ್ಕರ ಒಪ್ಪಿಸಿಕೊಟ್ಟನಲ್ಲಾ.

ಸಭೆಯ ಹಿರಿಯರೂ ಕೇಳಲಿ. ದೇವಾಲಯದಲ್ಲಿ ಬಡ ವಿಧವೆಯು ಎರಡು ಕಾಸುಗಳನ್ನು ಹಾಕಿದ್ದನ್ನು ನಾವೆಲ್ಲರೂ ಮೆಚ್ಚಿ ಹೇಳುತ್ತೇವೆ. ಆದರೆ ಮಾರ್ಕನ ಸುವಾರ್ತೆಯಲ್ಲಿ ಅದಕ್ಕೆ ತುಸು ಮುಂಚೆಯೇ, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಕರ್ತನು ಖಂಡಿಸಿದನು. ಬಡವರ ಕಾಸನ್ನು ಎಣಿಸುವ ಕೈಗಳು ದೇವಭಯದಿಂದ ಎಣಿಸಲಿ. ಕೊಡಲಾರದವರ ಹೆಸರನ್ನು ಕೂಟದಲ್ಲಿ ಎತ್ತಿ ನಾಚಿಕೆಪಡಿಸಬಾರದು. ಒಲೆ ಹೊತ್ತದ ಮನೆಗೆ ಕಾಣಿಕೆ ಪೆಟ್ಟಿಗೆಗಿಂತ ಮುಂಚೆ ಧಾನ್ಯದ ಚೀಲವು ಹೋಗಲಿ. ಮಕೆದೋನ್ಯದ ಸಭೆಗಳವರು ಕಡುಬಡತನದಲ್ಲಿಯೂ ಯೆರೂಸಲೇಮಿನ ಬಡವರಿಗೋಸ್ಕರ ಉದಾರವಾಗಿ ಕೊಟ್ಟರು. ಆದರೆ ಒತ್ತಾಯದಿಂದಲ್ಲ, ಸ್ವಇಚ್ಛೆಯಿಂದ.

ಇಂಥ ಕಾಣಿಕೆಗೆ ನಮ್ಮ ದೇಶದಲ್ಲಿಯೂ ಸಾಕ್ಷಿಯುಂಟು. ಈಶಾನ್ಯದ ಮಿಜೋ ಬೆಟ್ಟಗಳಲ್ಲಿ ಮಿಶನೆರಿಗಳು 1894ರಲ್ಲಿ ನೆಲೆಗೊಂಡರು. ಅಲ್ಲಿಯ ಸಭೆಗಳಲ್ಲಿ 1910ರಲ್ಲಿ ಒಂದು ವಾಡಿಕೆಯು ಪ್ರಾರಂಭವಾಯಿತು. ಅಡಿಗೆ ಮಾಡುವಾಗಲೆಲ್ಲಾ ಮನೆಯಾಕೆಯು ಒಂದು ಹಿಡಿ ಅಕ್ಕಿಯನ್ನು ಕರ್ತನಿಗೆಂದು ಬೇರೆ ಪಾತ್ರೆಯಲ್ಲಿ ಇಡುವಳು. ಅದನ್ನು ಮನೆಮನೆಯಿಂದ ಕೂಡಿಸಿ ಮಾರಿ, ಬಂದ ಹಣವನ್ನು ಸುವಾರ್ತಾಸೇವೆಗೆ ಉಪಯೋಗಿಸುವರು. ಅವರ ಭಾಷೆಯಲ್ಲಿ ಇದಕ್ಕೆ ಬುಹ್‌ಫಾಯ್ ಥಾಮ್ ಎಂದು ಹೆಸರು. ಮರುವರುಷವೇ, ಅಂದರೆ 1911ರಲ್ಲಿ, ಬಿದಿರು ಹೂಬಿಟ್ಟು ಇಲಿಗಳು ಲೆಕ್ಕವಿಲ್ಲದೆ ಹೆಚ್ಚಿ, ಬೆಳೆಯನ್ನು ತಿಂದುಬಿಟ್ಟದರಿಂದ ಆ ಬೆಟ್ಟಗಳಲ್ಲಿ ದೊಡ್ಡ ಬರವು ಉಂಟಾಯಿತು. ಆದರೂ ಆ ವಾಡಿಕೆಯು ಅಳಿಯಲಿಲ್ಲ. ನೂರು ವರುಷ ದಾಟಿ ಇಂದಿಗೂ ನಡೆಯುತ್ತಲಿದೆ. ಹಿಡಿ ಸಣ್ಣದು, ಆದರೆ ಅದು ಉಂಡು ಮಿಕ್ಕ ಅಕ್ಕಿಯಲ್ಲ, ಒಲೆಯ ಮೇಲೆ ಇಡುವದಕ್ಕಿಂತ ಮುಂಚೆ ತೆಗೆದಿಟ್ಟದ್ದು.

ಪ್ರಿಯರೇ, ನಮ್ಮಲ್ಲಿ ಅನೇಕರಿಗೆ ಸಾಲವುಂಟು, ಮಳೆಯ ಚಿಂತೆಯುಂಟು. ಸುಗ್ಗಿಯಾಗಲಿ, ಸಾಲ ತೀರಲಿ, ಆಮೇಲೆ ಕೊಡೋಣವೆಂದು ಮನಸ್ಸು ಹೇಳುವದು. ಚಾರೆಪ್ತಾದ ವಿಧವೆಯು ಮಳೆ ಬರಲೆಂದು ಕಾದಿದ್ದರೆ ಪ್ರವಾದಿಯೂ ಹಸಿಯುತ್ತಿದ್ದನು, ತಾನೂ ದೇವರ ಕೈಯನ್ನು ಕಾಣುತ್ತಿರಲಿಲ್ಲ. ರಾಗಿಯಾಗಲಿ ಜೋಳವಾಗಲಿ ಅಕ್ಕಿಯಾಗಲಿ, ಒಲೆಯ ಮೇಲೆ ಎಸರಿಟ್ಟಾಗ ಮೊದಲನೆಯ ಹಿಡಿಯನ್ನು ಪ್ರಾರ್ಥನೆಯೊಡನೆ ಬೇರೆಯಿಡೋಣ. ಹಿಡಿಗೂ ಗತಿಯಿಲ್ಲದ ಮನೆಯವರು ನಾಚದೆ ಸಭೆಗೆ ತಿಳಿಸಲಿ; ನೆರೆಯವನ ಹಿಡಿಯು ಅವರ ಮಡಕೆಗೆ ಸೇರಲಿ. ಹೀಗೆ ಯಾವ ಮನೆಯ ಹಿಟ್ಟೂ ತೀರದಂತೆ ನೋಡಿಕೊಳ್ಳುವ ಕೆಲಸದಲ್ಲಿ ದೇವರು ನಮ್ಮ ಕೈಗಳನ್ನೇ ಉಪಯೋಗಿಸುವನು.

ವಿಧವೆಯ ಮನೆಯನ್ನು ಮರೆಯದ ದೇವರು ನಮಗೆ ಕೊಡುವ ಕೈಯನ್ನೂ ನಂಬುವ ಹೃದಯವನ್ನೂ ಅನುಗ್ರಹಿಸಲಿ. ಆಮೆನ್.