ನೌಕರಿಯನ್ನು ಬಿಡುವ ರೀತಿ

ಮಾದರಿಯಲ್ಲಿ ಒಂದು ಬಗೆಯ ಮಾಲನ್ನು ತೋರಿಸಿ, ಮೂಟೆಯಲ್ಲಿ ಇನ್ನೊಂದು ಬಗೆಯದನ್ನು ತುಂಬಿ ಕಳುಹಿಸುವುದು ವ್ಯಾಪಾರದ ಹಳೆಯ ದೋಷ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಪ್ರತಿರೂಪಕ ವ್ಯವಹಾರವೆಂಬ ಹೆಸರಿನಿಂದ ಇದನ್ನೂ ಸೇರಿಸಿದ್ದಾರೆ. ಅಲ್ಲಿನ ಮಾತು ಸರಕಿಗೆ ಸಂಬಂಧಿಸಿದ್ದು. ನೌಕರಿಯ ಜಾಹೀರಾತನ್ನು ಅದೇ ಅಳತೆಯಿಂದ ಅಳೆಯಬಾರದೇಕೆ? ಕೆಟ್ಟ ಮೂಟೆಯನ್ನು ಹಿಂದಿರುಗಿಸಬಹುದು. ನೌಕರಿಗೆ ಸೇರಿದವನಾದರೋ ಹಳೆಯ ಕೆಲಸವನ್ನು ಬಿಟ್ಟು, ಊರನ್ನು ಬಿಟ್ಟು, ಬಾಡಿಗೆಯ ಕೋಣೆಗೆ ಮುಂಗಡ ತೆತ್ತು ಬಂದಿರುತ್ತಾನೆ.

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಬಿ.ಕಾಂ. ಮುಗಿಸಿದ ಹುಬ್ಬಳ್ಳಿಯ ತರುಣನೊಬ್ಬನು ಲೆಕ್ಕಪತ್ರ ವಿಭಾಗದ ಸಹಾಯಕನ ಹುದ್ದೆಯೆಂಬ ಜಾಹೀರಾತನ್ನು ನಂಬಿ ಬೆಂಗಳೂರಿನ ಸಂಸ್ಥೆಯೊಂದನ್ನು ಸೇರುತ್ತಾನೆ. ಅಲ್ಲಿ ಅವನ ಕೈಗೆ ಬರುವುದು ಲೆಕ್ಕದ ಪುಸ್ತಕವಲ್ಲ, ನಿವೃತ್ತರ ದೂರವಾಣಿ ಸಂಖ್ಯೆಗಳ ಪಟ್ಟಿ. ವರ್ಷವರ್ಷವೂ ಕಂತು ಕಟ್ಟಬೇಕಾದ ವಿಮಾ ಪಾಲಿಸಿಯನ್ನು ಹೆಚ್ಚು ಬಡ್ಡಿ ತರುವ ನಿಶ್ಚಿತ ಠೇವಣಿಯೆಂದು ಹೇಳಿ ಒಪ್ಪಿಸುವುದೇ ಅಲ್ಲಿನ ಕೆಲಸ. ಒಂದು ವರ್ಷದೊಳಗೆ ಬಿಟ್ಟರೆ 50,000 ರೂಪಾಯಿ ತೆರುವುದಾಗಿ ಅವನು ಕರಾರಿಗೆ ಸಹಿ ಹಾಕಿದ್ದಾನೆ. ಹನ್ನೆರಡು ದಿನಗಳಲ್ಲಿ ಮೂವರು ವೃದ್ಧರು ಅವನ ಮಾತನ್ನು ನಂಬಿ ಹಣ ಕಟ್ಟಿದ್ದಾರೆ.

ಬಿಡಬೇಕೆಂಬುದರಲ್ಲಿ ಸಂದೇಹವಿಲ್ಲ. ಹೇಗೆ ಬಿಡಬೇಕೆಂಬಲ್ಲಿ ಧರ್ಮಜಿಜ್ಞಾಸೆ ಆರಂಭವಾಗುತ್ತದೆ.

ಹೇಳಿದ್ದಕ್ಕಿಂತ ಸಂಬಳ ಕಡಿಮೆ, ದುಡಿಮೆಯ ಹೊತ್ತು ಹೆಚ್ಚು ಎಂಬುದಷ್ಟೇ ದೂರಾಗಿದ್ದರೆ ನಷ್ಟ ಅವನೊಬ್ಬನದು. ಅಲ್ಲಿ ತಾಳ್ಮೆಗೆ ಎಡೆಯಿದೆ. ಮಾಲೀಕನನ್ನು ಕೇಳಬಹುದು, ಆಗದಿದ್ದರೆ ನೋಟೀಸು ಕೊಟ್ಟು, ಹಿಡಿದ ಕೆಲಸವನ್ನು ಮುಗಿಸಿ ಹೊರಡಬಹುದು. ಈ ಪ್ರಸಂಗ ಹಾಗಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸ್ಥೂಲವಾದ ಅಸತ್ಯವನ್ನು ನುಡಿಯುವುದನ್ನೂ ಇತರರಿಂದ ನುಡಿಸುವುದನ್ನೂ ಒಟ್ಟಿಗೆ ನಿಷೇಧಿಸಿದ್ದಾರೆ. ಇಲ್ಲಿ ನುಡಿಸುವವನು ಮಾಲೀಕ, ನುಡಿಯುವವನು ತರುಣ. ನೋಟೀಸಿನ ಮೂವತ್ತು ದಿನಗಳನ್ನು ಪೂರೈಸುವ ನೆಪದಲ್ಲಿ ಇನ್ನೂ ಹತ್ತು ಮಂದಿಗೆ ಅದೇ ಸುಳ್ಳನ್ನು ಹೇಳುವುದು ಶಿಸ್ತಲ್ಲ. ಬೇರೆ ಕೆಲಸ ಕೊಟ್ಟರೆ ಅವಧಿಯನ್ನು ಪೂರೈಸಲಿ. ಆ ಪಟ್ಟಿಯನ್ನು ಮಾತ್ರ ಮತ್ತೆ ಮುಟ್ಟದಿರಲಿ.

ಇಂಥ ಹೊತ್ತಿನಲ್ಲಿ ಗೆಳೆಯರ ಸಲಹೆಗೆ ಬರವಿರುವುದಿಲ್ಲ. ಹೇಳದೆ ಕೇಳದೆ ಊರಿಗೆ ಹೋಗಿಬಿಡು, ಮೋಸಗಾರನಿಗೆ ಎಂಥ ನೀತಿ ಎನ್ನುವವನೊಬ್ಬ. ತಾಯಿಗೆ ಕಾಯಿಲೆಯೆಂದು ಬರೆದುಕೊಡು, ಯಾರಿಗೂ ನೋವಾಗದು ಎನ್ನುವವನು ಇನ್ನೊಬ್ಬ. (ಗಟ್ಟಿಮುಟ್ಟಾಗಿರುವ ಎಷ್ಟು ತಾಯಂದಿರು ಹೀಗೆ ಮಕ್ಕಳ ರಾಜೀನಾಮೆ ಪತ್ರಗಳಲ್ಲಿ ಹಾಸಿಗೆ ಹಿಡಿದಿದ್ದಾರೋ!) ಮಾಲೀಕನ ಅಸತ್ಯವು ಕರಾರಿನ ಗಂಟನ್ನು ಸಡಿಲಿಸುತ್ತದೆ, ನಿಜ. ಆದರೆ ವ್ಯಾಪಾರದಲ್ಲಿ ಪರಸ್ಪರ ಬಾಕಿಯನ್ನು ವಜಾ ಹಾಕಿಕೊಳ್ಳುವಂತೆ ಅವನ ಸುಳ್ಳಿಗೆ ಇವನ ಸುಳ್ಳನ್ನು ವಜಾ ಹಾಕಲು ಬರುವುದಿಲ್ಲ. ಅಲ್ಲದೆ, ಯಾರಿಗೂ ನೋವಾಗದೆಂಬ ಮಾತೂ ನಿಜವಲ್ಲ. ತಾಯಿಯ ಕಾಯಿಲೆ ಕಾರಣವೆಂದಾದರೆ ಜಾಹೀರಾತಿನಲ್ಲಿ ಯಾವ ದೋಷವೂ ಇಲ್ಲವೆಂದಾಯಿತು. ಮುಂದಿನ ವಾರ ಅದೇ ಜಾಹೀರಾತು ಮತ್ತೆ ಬರುತ್ತದೆ, ಇನ್ನಾವುದೋ ಊರಿನ ಹುಡುಗ ರೈಲು ಹತ್ತುತ್ತಾನೆ.

ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ನುಡಿಯಬಾರದೆಂದು ಅದೇ ಆಚಾರ್ಯರು ಹೇಳಿದ್ದಾರಲ್ಲವೇ ಎಂದು ಕೆಲವರು ಕೇಳಬಹುದು. ಯಾರ ವಿಪತ್ತು ಎಂಬುದನ್ನು ಮೊದಲು ನೋಡಬೇಕು. ಅನ್ಯಾಯದ ಲಾಭ ತಪ್ಪುವುದು ವಿಪತ್ತಲ್ಲ. ಪಿಂಚಣಿಯ ಗಂಟು ಕರಗುವುದು ವಿಪತ್ತು. ಆ ವಚನದ ನೆರಳಿನಲ್ಲಿ ಮೌನವಾಗಿರುವವರು ಸಾಮಾನ್ಯವಾಗಿ ಕಾಪಾಡಿಕೊಳ್ಳುವುದು ತಮ್ಮ ನೆಮ್ಮದಿಯನ್ನು. ಆದ್ದರಿಂದ ರಾಜೀನಾಮೆಯಲ್ಲಿ ನಿಂದೆ ಬೇಡ, ಸಂಗತಿ ಇರಲಿ: ಜಾಹೀರಾತಿನಲ್ಲಿ ಇದ್ದದ್ದು ಇದು, ಮಾಡಿಸಿದ್ದು ಇದು, ಆದುದರಿಂದ ಬಿಡುತ್ತಿದ್ದೇನೆ. ಮೂರು ಸಾಲು ಸಾಕು.

ಕರಾರಿನ ಹಣದ ವಿಷಯದಲ್ಲಿ ಎಚ್ಚರ ಅಗತ್ಯ. ಇಂಥ ಕರಾರಿಗೆ ಬೆಲೆಯೇ ಇಲ್ಲವೆಂಬ ಮಾತನ್ನು ನಂಬಬಾರದು. ಮೂರು ವರ್ಷ ತುಂಬುವ ಮೊದಲೇ ಬಿಡುವವರು 2 ಲಕ್ಷ ರೂಪಾಯಿ ತೆರಬೇಕೆಂಬ ಸಾರ್ವಜನಿಕ ವಲಯದ ಬ್ಯಾಂಕೊಂದರ ಷರತ್ತನ್ನು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಆದರೆ 1872ರ ಕರಾರು ಕಾಯಿದೆಯ 19ನೆಯ ಕಲಮಿನಂತೆ, ವಂಚನೆಯಿಂದ ಅಥವಾ ತಪ್ಪು ನಿರೂಪಣೆಯಿಂದ ಒಪ್ಪಿಗೆ ಪಡೆದ ಕರಾರನ್ನು ಮೋಸಹೋದವನು ರದ್ದುಗೊಳಿಸಬಹುದು. ಅದಕ್ಕೆ ಜಾಹೀರಾತಿನ ಪ್ರತಿ, ನೇಮಕಾತಿ ಪತ್ರ ಕೈಯಲ್ಲಿರಬೇಕು. ಸತ್ಯ ತಿಳಿದ ಮೇಲೂ ತಿಂಗಳುಗಟ್ಟಲೆ ಸಂಬಳ ಪಡೆಯುತ್ತ ಕುಳಿತರೆ ಆ ವಾದ ಸೊರಗುತ್ತದೆ.

ಇಷ್ಟಾದರೂ ಎಲ್ಲಕ್ಕಿಂತ ಮೊದಲಿನ ಕರ್ತವ್ಯ ಬೇರೆಯೇ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮಗಳಂತೆ, ಪಾಲಿಸಿಯ ದಸ್ತಾವೇಜು ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸಿದರೆ ಕೆಲವು ಸಣ್ಣ ವೆಚ್ಚಗಳನ್ನು ಕಳೆದು ಉಳಿದ ಹಣ ಮರಳಿ ಬರುತ್ತದೆ. ತರುಣನ ನೋಟೀಸಿನ ದಿನಗಳು ಓಡುತ್ತಿರುವಂತೆ ಆ ಮೂವರ ದಿನಗಳೂ ಓಡುತ್ತಿವೆ. ಸಂಸ್ಥೆಯ ಗುಟ್ಟನ್ನು ಹೊರಗೆಡಹಿದಂತಾಗದೇ ಎಂದು ಅವನು ಅಳುಕಬಹುದು. ಅವರ ಹಣದ ಸಂಗತಿಯನ್ನು ಅವರಿಗೇ ತಿಳಿಸುವುದು ಮಂತ್ರಭೇದವಾಗಲಾರದು. ಆ ಮೂರು ಪಾಲಿಸಿಗಳಿಗೆ ದೊರೆಯುವ ಕಮಿಷನ್ನನ್ನು ಅವನು ಪಡೆಯತಕ್ಕದ್ದಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ರಾಜೀನಾಮೆ ಪತ್ರವನ್ನು ಜೇಬಿನಲ್ಲಿರಿಸಿಕೊಂಡು, ಊಟದ ಬಿಡುವಿನಲ್ಲಿ ಹೊರಗೆ ನಿಂತು, ಅವನು ತನ್ನ ಸ್ವಂತ ಫೋನಿನಿಂದ ಮೊದಲನೆಯ ಹಿರಿಯರಿಗೆ ಕರೆ ಮಾಡುತ್ತಾನೆಂದು ತಿಳಿಯೋಣ. ತಾನು ಅಂದು ಹೇಳಿದ್ದು ನಿಜವಲ್ಲ, ಅದು ಠೇವಣಿಯಲ್ಲ, ಇಂಥ ತಾರೀಖಿನೊಳಗೆ ಹಿಂದಿರುಗಿಸಬಹುದು ಎನ್ನುತ್ತಾನೆ. ಬೈಗುಳಕ್ಕೆ ಸಿದ್ಧನಾಗಿಯೇ ನಿಂತಿರುತ್ತಾನೆ. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಬಳಿಕ ಕೇಳಿಬರುವುದು ಒಂದೇ ಪ್ರಶ್ನೆ: "ಇದರಿಂದ ನಿನ್ನ ಕೆಲಸಕ್ಕೆ ತೊಂದರೆಯಾಗುವುದಿಲ್ಲವೇನಪ್ಪ?"