ಒಪ್ಪಿಸುವ ನುಡಿ

ಷಟ್‌ಸ್ಥಲ ಶಾಸ್ತ್ರದಲ್ಲಿ ಶಬ್ದವಿಷಯವನ್ನು ಶ್ರೋತ್ರೇಂದ್ರಿಯದ ಮುಖದಿಂದ ಪ್ರಸಾದಲಿಂಗಕ್ಕೆ ಅರ್ಪಿಸಬೇಕೆಂಬ ವಿಧಿಯುಂಟು. ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ ಎಂಬ ಈ ಕ್ರಮದಿಂದ ಭಕ್ತರು ಸಾಮಾನ್ಯವಾಗಿ ಕೇಳುವವನ ಧರ್ಮವನ್ನು ಮಾತ್ರ ಗ್ರಹಿಸುವರು. ದುರ್ವಾಕ್ಯವನ್ನು ಕೇಳಲಾಗದು, ಶಿವಾನುಭವವನ್ನು ಕೇಳಬೇಕು ಎಂದಿಷ್ಟೇ. ಆದರೆ ಹೇಳುವವನ ಧರ್ಮವೂ ಅದರಲ್ಲಿಯೇ ಅಡಗಿರುವುದು. ಎದುರಿಗೆ ಕುಳಿತವನ ಕಿವಿ ಲಿಂಗಸ್ಥಾನವಾದ ಮೇಲೆ ಅಲ್ಲಿಗೆ ಸೇರುವ ಮಾತು ನೈವೇದ್ಯವೇ ಸರಿ. ಹಳಸಿದ ಅನ್ನವನ್ನು ಎಡೆಮಾಡಲು ಅಂಜುವ ಸದ್ಗೃಹಸ್ಥನು ಸಭೆಯಲ್ಲಿ ಎದ್ದುನಿಂತಾಗ ಹಳಸಿದ ಮಾತನ್ನು ಬಡಿಸಲು ಏಕೆ ಅಂಜಬಾರದು?

ಕನ್ನಡ ಭಾಷೆಯು ಈ ತತ್ತ್ವವನ್ನು ಒಂದೇ ಶಬ್ದದಲ್ಲಿ ಕಾಪಾಡಿಕೊಂಡು ಬಂದಿದೆ. ‘ಒಪ್ಪಿಸು’ ಎಂದರೆ ಇನ್ನೊಬ್ಬರ ಸಮ್ಮತಿಯನ್ನು ಪಡೆಯುವುದು ಎಂದೂ ಆಗುವುದು, ಸಮರ್ಪಿಸುವುದು ಎಂದೂ ಆಗುವುದು. ಸಮರ್ಪಣಭಾವವಿಲ್ಲದೆ ಪಡೆದ ಸಮ್ಮತಿಯು ಸಂತೆಯ ದಲ್ಲಾಳಿಯ ಚಾತುರ್ಯವೆನಿಸುವುದು; ಸಂತೆ ಮುಗಿಯುವುದರೊಳಗೆ ಅದರ ಬಣ್ಣ ಬಯಲಾಗುವುದು.

ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ಅರಿಯದ ಭಕ್ತರಿಲ್ಲ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳಿಗೆ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಕಾಯಕ, ಅದರಿಂದ ಜಂಗಮದಾಸೋಹ ನಡೆಸುವುದು ನೇಮ. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಮನೆಯೊಳಕ್ಕೆ ಸೇರಿಸಗೊಡಲಿಲ್ಲ. ಇದು ಕಾಯಕದ ಫಲವೋ, ಆಶೆಯ ಫಲವೋ ಎಂಬ ಭಾವದಿಂದ ಪತಿಯನ್ನು ಎಚ್ಚರಿಸಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿದರು. ಮಾರಯ್ಯನವರು ಮರುಮಾತಿಲ್ಲದೆ ಹಿಂದಿರುಗಿದರು. ಹಸಿವಿನ ಮನೆಯಲ್ಲಿ ಕೈಗೆ ಬಂದ ಅಕ್ಕಿಯನ್ನು ಬಿಡಿಸುವ ಮಾತು ಸಾಮಾನ್ಯವಾದುದೇ? ದೊಡ್ಡ ವಾಗ್ಮಿಗೂ ಅದು ಸಾಧ್ಯವಾಗಲಾರದು. ಲಕ್ಕಮ್ಮನವರಿಗೆ ಸಾಧ್ಯವಾದುದಕ್ಕೆ ಕಾರಣವೇನೆಂದರೆ, ಆ ಅಕ್ಕಿ ಹೋದರೆ ಹೆಚ್ಚು ಕಷ್ಟ ಒದಗುತ್ತಿದ್ದುದು ಅಟ್ಟು ಬಡಿಸುವ ಅವರಿಗೇ. ತನಗೆ ನಷ್ಟವಾಗುವ ಸತ್ಯವನ್ನು ನುಡಿಯುವವರ ಮಾತಿಗೆ ಕೇಳುವವನು ಬೇರೆ ಪ್ರಮಾಣವನ್ನು ಬೇಡುವುದಿಲ್ಲ. ಮೇಲಾಗಿ ಅವರು ಪತಿಯನ್ನು ನಾಲ್ವರ ನಡುವೆ ಹಳಿಯಲಿಲ್ಲ. ತಪ್ಪನ್ನು ತೋರಿಸಿ, ಅದನ್ನು ತಿದ್ದಿಕೊಳ್ಳುವ ದಾರಿಯನ್ನೂ ಆಗಲೇ ತೋರಿಸಿದರು. ಮನೆಯ ಯಜಮಾನಿಯರು ಇದನ್ನು ಯಜಮಾನರಿಗಿಂತ ಬೇಗ ಅರಿತುಕೊಳ್ಳುವರೆಂಬುದು ಬೇರೆ ಮಾತು.

ಇನ್ನು ಕೇಳುವವರ ಅಂತರಂಗವನ್ನರಿತು ನುಡಿಯುವುದಕ್ಕೆ ಅಲ್ಲಮಪ್ರಭುದೇವರೇ ಆದರ್ಶ. ಅಣ್ಣ ಅಜಗಣ್ಣನವರ ಅಗಲಿಕೆಯಿಂದ ಕಂಗೆಟ್ಟ ಮುಕ್ತಾಯಕ್ಕನವರ ಬಳಿಗೆ ಬಂದ ಪ್ರಭುದೇವರು, ಈ ದುಃಖ ಯಾರಿಗಾಗಿ ಎಂದು ಕೇಳುತ್ತ, ಆಕೆಯ ಉತ್ತರದ ಎಳೆಯನ್ನೇ ಹಿಡಿದು ಅರಿವಿನ ಕಡೆಗೆ ನಡೆಸುವರು. ಅದೇ ಪ್ರಭುದೇವರು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮೇಶ್ವರರ ಬಳಿಗೆ ಹೋದಾಗ ‘ಒಡ್ಡ’ ಎಂದು ಕರೆದು ಕೆಣಕಿದರು. ಶೋಕದಲ್ಲಿದ್ದವರಿಗೆ ಪ್ರಶ್ನೆ, ತನ್ನ ಸತ್ಕಾರ್ಯದಲ್ಲಿಯೇ ಸಿಲುಕಿದವರಿಗೆ ಪೆಟ್ಟು. ಇದನ್ನು ಅರಿಯದೆ ಸಾವಿನ ಮನೆಯಲ್ಲಿ ಬ್ರಹ್ಮಾಂಡದ ನಶ್ವರತೆಯನ್ನು ಒಂದು ತಾಸು ವ್ಯಾಖ್ಯಾನಿಸುವ ಪಂಡಿತರು ಇಂದಿಗೂ ಇರುವರು. ಪ್ರಭುದೇವರ ಬಿರುನುಡಿಯನ್ನು ಮಾತ್ರ ಅನುಕರಿಸಿ, ಅವರ ಕರುಣೆಯನ್ನು ಅನುಕರಿಸದವರು ಅದಕ್ಕಿಂತ ಹೆಚ್ಚು.

ಈಚಿನ ಕಾಲದಲ್ಲಿ ವಿಜಯಪುರ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳ ಪ್ರವಚನಗಳನ್ನು ಲಕ್ಷಾಂತರ ಜನರು ಆಲಿಸಿರುವರು. ಗರ್ಜನೆಯಿಲ್ಲ, ಅಭಿನಯವಿಲ್ಲ, ತಗ್ಗಿದ ದನಿ, ಚಿಕ್ಕ ವಾಕ್ಯ, ಹೊಲಮನೆಗಳ ದೃಷ್ಟಾಂತ, ನಡುನಡುವೆ ಮೌನ. ದನಿ ತಗ್ಗಿದಷ್ಟೂ ಸಭೆ ನಿಶ್ಶಬ್ದವಾಗುತ್ತಿತ್ತು. ಜೇಬಿಲ್ಲದ ಅಂಗಿಯನ್ನು ತೊಟ್ಟು, 2018ರಲ್ಲಿ ಬಂದ ಪದ್ಮಶ್ರೀ ಪ್ರಶಸ್ತಿಯನ್ನು ವಿನಯದಿಂದ ಹಿಂದಿರುಗಿಸಿದವರು ನಿರಾಶೆಯ ವಿಷಯವಾಗಿ ನುಡಿದಾಗ ಒಪ್ಪದವರಾರು? ಅವರು 2023ರ ಜನವರಿ 2ರಂದು ಲಿಂಗೈಕ್ಯರಾದ ಮೇಲೆಯೂ ಅವರ ಧ್ವನಿಮುದ್ರಿತ ಪ್ರವಚನಗಳು ಮನೆಮನೆಗಳಲ್ಲಿ ಕೇಳಿಬರುತ್ತಿವೆ.

ಹೀಗೆ ದನಿ ಮನೆಯೊಳಕ್ಕೆ ಬರುವುದು ಒಂದು ಹೊಸ ಹೊಣೆಯನ್ನು ತಂದಿದೆ. 2020ರಲ್ಲಿ ಕೊರೋನಾ ರೋಗದ ದೆಸೆಯಿಂದ ಸಭೆಗಳು ನಿಂತಾಗ ಪ್ರವಚನಗಳು ಮೊಬೈಲಿನ ತೆರೆಯನ್ನು ಆಶ್ರಯಿಸಿದವು. ದೂರದೇಶದ ಭಕ್ತರಿಗಾಗಿ ಆ ಪದ್ಧತಿ ಇಂದಿಗೂ ಉಳಿದಿದೆ. ಸಭೆಯಲ್ಲಿ ಹಿರಿಯರು ತಲೆದೂಗುವುದು ಕಾಣುವುದು, ಮಕ್ಕಳು ಆಕಳಿಸುವುದೂ ಕಾಣುವುದು. ಮಾತು ಅದಕ್ಕೆ ತಕ್ಕಂತೆ ತಿರುಗುವುದು. ತೆರೆಯ ಮುಂದೆ ಆ ದಾರಿದೀಪವಿಲ್ಲ. ಅತ್ತ ಕೇಳುವವರ ಮನೆಯಲ್ಲಿ ಕುಕ್ಕರ್ ಕೂಗುವುದು, ಬಾಗಿಲಿಗೆ ಯಾರೋ ಬರುವರು. ಆದುದರಿಂದ ಒಂದು ತಾಸಿನ ಉಪನ್ಯಾಸವನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ, ಐದು ವಚನಗಳ ಬದಲು ಒಂದನ್ನೇ ಬಿಡಿಸಿ ಹೇಳುವುದು ಲೇಸು. ಬೆಳಕು ಮುಖದ ಮೇಲೆ ಬೀಳುವಂತೆ ಕುಳಿತು, ತೆರೆಯಲ್ಲಿ ಕಾಣುವ ತನ್ನ ರೂಪವನ್ನು ನೋಡದೆ ಕ್ಯಾಮೆರಾದ ಕಣ್ಣನ್ನೇ ನೋಡಬೇಕು. ಆಗ ಅತ್ತ ಇರುವವರಿಗೆ ತಮ್ಮನ್ನೇ ನೋಡಿ ನುಡಿದಂತಾಗುವುದು. ತನ್ನ ರೂಪವನ್ನೇ ನೋಡುತ್ತ ಮಾತನಾಡುವುದು ಯಂತ್ರಕ್ಕಿಂತ ಹಳೆಯ ವ್ಯಾಧಿ. ದಾನಿಗಳ ಸ್ತುತಿಯನ್ನು ಅರ್ಧ ತಾಸು ಮಾಡುವ ಪರಿಪಾಠವನ್ನಂತೂ ಎರಡೂ ಬಗೆಯ ಸಭೆಗಳಲ್ಲಿ ಬಿಡುವುದು ಒಳ್ಳೆಯದು. ಎಳೆಯರು ಎದ್ದುಹೋಗುವುದು ಬಹುಮಟ್ಟಿಗೆ ಆ ಹೊತ್ತಿನಲ್ಲಿಯೇ. ಒಮ್ಮೆ ಹೋದವರು ವಚನದ ಹೊತ್ತಿಗೆ ಹಿಂದಿರುಗುವುದಿಲ್ಲ.

ಶೂನ್ಯಸಂಪಾದನೆಯು ಶರಣರ ಪ್ರಶ್ನೋತ್ತರ ರೂಪದಲ್ಲಿ ಬೆಳೆದ ಗ್ರಂಥ. ಅಲ್ಲಿ ಶೂನ್ಯಸಿಂಹಾಸನದ ಒಡೆಯರನ್ನೂ ಪ್ರಶ್ನಿಸಿದವರುಂಟು. ತೆರೆಯ ಮೇಲಣ ಗೋಷ್ಠಿಯಲ್ಲಿ ಕೇಳುಗರ ಪೈಕಿ ಇಬ್ಬರನ್ನು, ಸಾಧ್ಯವಾದರೆ ಒಬ್ಬ ವಿದ್ಯಾರ್ಥಿಯನ್ನೂ ಒಬ್ಬ ಗೃಹಿಣಿಯನ್ನೂ, ಮೊದಲೇ ನಿಯಮಿಸಿ, ತಿಳಿಯದುದನ್ನು ಅಲ್ಲಲ್ಲಿಯೇ ತಡೆದು ಕೇಳುವಂತೆ ಹೇಳಿರಬೇಕು. ಉತ್ತರ ತೋಚದಿದ್ದಲ್ಲಿ ಮುಂದಿನ ಗೋಷ್ಠಿಗೆ ನೋಡಿ ಬಂದು ಹೇಳುವೆನೆಂದರೆ ಸಾಕು. ಮುಂದಿನ ಗೋಷ್ಠಿಯನ್ನು ಆ ಉತ್ತರದಿಂದಲೇ ಆರಂಭಿಸಬೇಕು.