ಬೀಳ್ಕೊಡುಗೆಯ ವೇದಿಕೆಯಲ್ಲಿ ಗುರು

ಗದಗ ಜಿಲ್ಲೆ ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯಂಥ ಊರುಗಳಲ್ಲಿ ಪ್ರೌಢಶಾಲೆಯ ವರ್ಷ ಮುಗಿಯುವುದು ಬೇಸಿಗೆ ಏರುವ ಹೊತ್ತಿಗೆ. ಜೂನ್ ಸುಮಾರಿಗೆ ಶುರುವಾದ ಪಾಠಗಳು ಫೆಬ್ರುವರಿಯಲ್ಲಿ ಪುನರಾವರ್ತನೆಗೆ ಬರುತ್ತವೆ. ಆಮೇಲೆ ಒಂದರ ಹಿಂದೊಂದು ವಾರ್ಷಿಕ ಸ್ನೇಹಸಮ್ಮೇಳನ, ಸರಸ್ವತಿ ಪೂಜೆ, ಹತ್ತನೆಯ ತರಗತಿಯವರಿಗೆ ಬೀಳ್ಕೊಡುಗೆ, ಹಾಲ್ ಟಿಕೆಟ್ ವಿತರಣೆ, ಎಸ್ಸೆಸ್ಸೆಲ್ಸಿ ಪರೀಕ್ಷೆ. ಏಪ್ರಿಲ್ 10ರ ಆಸುಪಾಸಿನಲ್ಲಿ ಉಳಿದ ತರಗತಿಗಳ ಫಲಿತಾಂಶ ಹೇಳಿ, ಪಾಲಕರನ್ನು ಕರೆದು ಮಾತಾಡಿಸಿ, ಶಾಲೆಗೆ ರಜೆ ಬೀಳುತ್ತದೆ. ಈ ಸರಣಿಯಲ್ಲಿ ಪೂಜೆ ಮತ್ತು ಬೀಳ್ಕೊಡುಗೆ ಎಷ್ಟೋ ಕಡೆ ಒಂದೇ ದಿನ ನಡೆಯುತ್ತವೆ. ಸರಸ್ವತಿಯ ಫೋಟೊಕ್ಕೆ ಹಾರ ಹಾಕಿ, ಕಾಯಿ ಒಡೆದು, ಹಾಲ್ ಟಿಕೆಟ್‌ಗಳನ್ನು ಅದರ ಮುಂದಿಟ್ಟು, ಆಮೇಲೆ ಒಬ್ಬೊಬ್ಬರ ಹೆಸರು ಕೂಗಿ ಕೊಡುವುದುಂಟು. ಹುಡುಗರು ಗುರುಗಳ ಕಾಲು ಮುಟ್ಟಿ ನಮಸ್ಕರಿಸುತ್ತಾರೆ, ಒಂದಿಬ್ಬರು ಅಳುತ್ತಾರೆ, ಎಲ್ಲರೂ ಉಣ್ಣುತ್ತಾರೆ.

ಇಷ್ಟು ಸರಳ ಕಾರ್ಯಕ್ರಮದಲ್ಲಿ ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆಯೊಂದು ಅಡಗಿದೆ. ಅಲ್ಲಿ ಪೂಜೆಗೊಳ್ಳುತ್ತಿರುವುದು ಏನು? ವಿದ್ಯೆಯೆ, ವಿದ್ಯೆಯ ದೇವತೆಯೆ, ವಿದ್ಯೆ ಕಲಿಸಿದ ಮನುಷ್ಯನೆ? ಸರ್ಕಾರದ ಸಂಬಳ ಪಡೆದು, ಕೌನ್ಸೆಲಿಂಗ್‌ನಲ್ಲಿ ಊರು ಆರಿಸಿಕೊಂಡು ಬಂದ ಶಿಕ್ಷಕ ಮಠ ಮತ್ತು ಉಪನಿಷತ್ತುಗಳು ಹೇಳುವ ಅರ್ಥದ ಗುರು ಆಗುತ್ತಾನೆಯೆ? ಬೇರೆ ಬೇರೆ ನಂಬಿಕೆಯ ಮನೆಗಳಿಂದ ಬಂದ ಮಕ್ಕಳು ಒಂದೇ ಪಟದ ಮುಂದೆ ಕೈಮುಗಿಯಬೇಕೆ?

ಮೊದಲು ದೇವತೆಯ ವಿಷಯ. ವಿದ್ಯೆಯನ್ನು ದೇವಿಯಾಗಿ ಕಾಣುವುದು ಈ ಸೀಮೆಯಲ್ಲಿ ಯಾವ ಒಂದು ಮತದ ಸ್ವತ್ತೂ ಆಗಿರಲಿಲ್ಲ. ಗದಗಿನ ತ್ರಿಕೂಟೇಶ್ವರ ದೇವಾಲಯದ ಆವರಣದಲ್ಲಿ ಸರಸ್ವತಿಗೇ ಒಂದು ಗುಡಿಯಿದೆ. ಕಲ್ಯಾಣ ಚಾಲುಕ್ಯರ ಕಾಲದ ಅದರ ಕಂಬಗಳ ಕುಸುರಿಯನ್ನು ನೋಡಲು ಈಗಲೂ ಜನ ಬರುತ್ತಾರೆ, ಮೂರ್ತಿ ಮಾತ್ರ ಭಗ್ನವಾಗಿದೆ. ಜೈನರು ಅದೇ ದೇವಿಯನ್ನು ಶ್ರುತದೇವತೆಯೆಂದು, ಆಗಮಗಳ ಅಧಿದೇವಿಯೆಂದು ಪೂಜಿಸಿದರು. ಹಿಂದೆ ಪುಲಿಗೆರೆ ಎನಿಸಿದ್ದ ಲಕ್ಷ್ಮೇಶ್ವರದ ಶಂಖ ಬಸದಿ ಆ ಪರಂಪರೆಯ ದೊಡ್ಡ ನೆಲೆ. ಮುಂಡರಗಿ ತಾಲೂಕಿನದೇ ಆದ ಡಂಬಳದಲ್ಲಿ 1095ರ ಶಾಸನವೊಂದು ಬುದ್ಧನ ವಿಹಾರಕ್ಕೂ ತಾರಾದೇವಿಗೂ ದತ್ತಿ ಬಿಟ್ಟದ್ದನ್ನು ದಾಖಲಿಸುತ್ತದೆ. ವಿಹಾರ ಕಟ್ಟಿಸಿದವರು ಹದಿನಾರು ಮಂದಿ ಸೆಟ್ಟಿಗಳು. ಒಂದೆರಡು ದಿನದ ನಡಿಗೆಯಷ್ಟು ಅಂತರದೊಳಗೆ ಶೈವ, ಜೈನ, ಬೌದ್ಧ ಮೂರೂ ವಿದ್ಯಾಸ್ಥಾನಗಳು ಸುಮಾರು ಒಂದೇ ಕಾಲಕ್ಕೆ ಇದ್ದವು. ಇದಕ್ಕಿಂತ ಸ್ವಲ್ಪ ಈಚಿನ, ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ಇನ್ನೂ ಸ್ಪಷ್ಟ: ವೇದ, ವ್ಯಾಕರಣ, ದರ್ಶನ, ಪುರಾಣ ಕಲಿಸುವ ಆ ಮಠ ಬೌದ್ಧ ಭಿಕ್ಷುಗಳಿಗೂ ಜೈನ ಸನ್ಯಾಸಿಗಳಿಗೂ ಕುಂಟರು, ಕುರುಡರಿಗೂ ಅನ್ನ ಹಾಕುವ ಸ್ಥಳ, ರೋಗಿಗಳಿಗೆ ಮದ್ದು ಕೊಡುವ ಸ್ಥಳ ಎಂದು ಅದು ಹೇಳಿಕೊಳ್ಳುತ್ತದೆ. ಮತಗಳ ನಡುವೆ ಆಗ ಜಗಳವಿರಲಿಲ್ಲವೆಂದು ಇದರಿಂದ ತೀರ್ಮಾನಿಸಲಾಗದು. ಜಗಳದ ಕಥೆಗಳಿಗೆ ಪುಲಿಗೆರೆಯೇ ಹೆಸರುವಾಸಿ. ಊಟ ಮತ್ತು ಪಾಠದ ಸ್ಥಳದಲ್ಲಿ ಯಾರಿಗೆ ಬಾಗಿಲು ಎಂಬ ಪ್ರಶ್ನೆ ಅಷ್ಟು ಹಳೆಯದು ಎಂಬುದಂತೂ ಸ್ಪಷ್ಟ.

ಹನ್ನೆರಡನೆಯ ಶತಮಾನದ ಶರಣರು ಈ ಚಿತ್ರವನ್ನು ಬುಡಸಮೇತ ಅಲುಗಿಸಿದರು. ಗುಡಿಯೊಳಗಿನ ಸ್ಥಾವರಕ್ಕೆ ಬದಲು ಅಂಗೈಯ ಇಷ್ಟಲಿಂಗ, ಅನೇಕ ದೇವತೆಗಳ ಬದಲು ಒಬ್ಬನೇ ಶಿವ ಎಂದ ಮೇಲೆ ವಿದ್ಯೆಗೊಬ್ಬಳು, ಧನಕ್ಕೊಬ್ಬಳು ದೇವಿಯ ಅಗತ್ಯ ಬೀಳುವುದಿಲ್ಲ. ಲಿಂಗಾಯತರು ಹೆಚ್ಚಿರುವ ಹಳ್ಳಿಗಳಲ್ಲೇ ಸರಸ್ವತಿ ಪೂಜೆ ಸಂಭ್ರಮದಿಂದ ನಡೆಯುವುದನ್ನು ತತ್ತ್ವ ಹಿಡಿದು ನೋಡಿದರೆ ವಿವರಿಸುವುದು ಕಷ್ಟ. ಶಾಲೆಯ ರೂಢಿ ಮಠದ ಸಿದ್ಧಾಂತದ ಅನುಮತಿ ಕೇಳಿಕೊಂಡು ಬೆಳೆದದ್ದಲ್ಲ. ದೇವಿಯ ಜಾಗದಲ್ಲಿ ಶರಣ ಪರಂಪರೆ ಇಟ್ಟದ್ದು ಗುರುವನ್ನು. ಅಷ್ಟಾವರಣಗಳಲ್ಲಿ ಮೊದಲನೆಯವನು ಗುರು. ಲಿಂಗ, ಜಂಗಮ, ಪಾದೋದಕ, ಪ್ರಸಾದ ಎಲ್ಲ ಅವನ ಹಿಂದೆ. ಬೀಳ್ಕೊಡುಗೆಯ ದಿನ ಕಾಲಿಗೆರಗುವ ಹುಡುಗನ ಬೆನ್ನಿಗೆ ಇರುವ ಸಂಸ್ಕಾರ ಸರಸ್ವತಿಗಿಂತ ಹೆಚ್ಚಾಗಿ ಇದೇ.

ಆದರೆ ಶರಣರ ಗುರು ಎಂಥವನು ಎಂಬುದನ್ನು ಶೂನ್ಯಸಂಪಾದನೆಯ ಎರಡು ಪ್ರಸಂಗಗಳು ತೋರಿಸುತ್ತವೆ. ಈ ಗ್ರಂಥದ ಸಂಕಲನದಲ್ಲಿ ಎಡೆಯೂರಿನ ತೋಂಟದ ಸಿದ್ಧಲಿಂಗರ ಶಿಷ್ಯಪರಂಪರೆಯ ಪಾಲು ದೊಡ್ಡದು. ಡಂಬಳ–ಗದಗ ತೋಂಟದಾರ್ಯ ಮಠದ ಹೆಸರೇ ಆ ಪರಂಪರೆಯದು. ಮೊದಲನೆಯ ಪ್ರಸಂಗದಲ್ಲಿ ಅಲ್ಲಮ ನೆಲದೊಳಗೆ ಹೂತುಹೋದ ಗುಡಿಯನ್ನು ಹೊಕ್ಕು, ಕಣ್ಣು ಮಿಟುಕಿಸದೆ ಕುಳಿತ ಅನಿಮಿಷಯ್ಯನ ಅಂಗೈಯಿಂದ ಲಿಂಗವನ್ನು ತೆಗೆದುಕೊಳ್ಳುತ್ತಾನೆ. ಗುರು ಒಂದು ಮಾತನ್ನೂ ಆಡುವುದಿಲ್ಲ. ಲಿಂಗ ಕೈಬಿಟ್ಟೊಡನೆ ಅವನ ಪ್ರಾಣವೂ ಹೋಗುತ್ತದೆ. ಎರಡನೆಯದರಲ್ಲಿ ಸೊನ್ನಲಿಗೆಯ ಸಿದ್ಧರಾಮ, ಕೆರೆ ಕಟ್ಟಿಸಿ ಹೆಸರು ಮಾಡಿದ ದೊಡ್ಡ ಮನುಷ್ಯ, ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನೆಂಬ ಕಿರಿಯನಿಂದ ದೀಕ್ಷೆ ಪಡೆಯುತ್ತಾನೆ. ಗುರುತ್ವಕ್ಕೆ ವಯಸ್ಸು ಆಧಾರವಲ್ಲ, ಪ್ರಸಿದ್ಧಿಯೂ ಅಲ್ಲ. ಕೊಟ್ಟ ಮೇಲೆ ಗುರು ಶಿಷ್ಯನ ಮೇಲೆ ಹಕ್ಕುದಾರನಾಗಿ ಉಳಿಯುವುದೂ ಇಲ್ಲ. ಕೊನೆಗೆ ಅರಿವೇ ಗುರುವಿನ ಸ್ಥಾನದಲ್ಲಿ ನಿಲ್ಲುತ್ತದೆ ಎನ್ನುವಲ್ಲಿಗೆ ಈ ವಿಚಾರ ಮುಟ್ಟುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ತಾಸಿನ ಅಭಿನಂದನಾ ಭಾಷಣಗಳ ಸಂಭ್ರಮದಿಂದ ಈ ಗುರು ಬಹಳ ದೂರ.

ಬೀಳ್ಕೊಡುಗೆಯ ಭಾಷಣಕ್ಕೆ ಇನ್ನೂ ಹಳೆಯ ಮಾದರಿಯೊಂದಿದೆ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯ 11ನೆಯ ಅನುವಾಕದಲ್ಲಿ ವೇದ ಕಲಿಸಿ ಮುಗಿಸಿದ ಆಚಾರ್ಯ ಹೊರಟುನಿಂತ ಶಿಷ್ಯನಿಗೆ ಬುದ್ಧಿ ಹೇಳುತ್ತಾನೆ. ಸತ್ಯ ನುಡಿಯಬೇಕು, ಓದು ಬಿಡಬಾರದು ಎಂದು ತೊಡಗಿ, ತಾಯಿ, ತಂದೆ, ಆಚಾರ್ಯ, ಅತಿಥಿ ಇವರನ್ನು ದೇವರೆಂದು ಕಾಣಬೇಕೆನ್ನುತ್ತಾನೆ. ನಾಡಿನ ಶಾಲಾ ವೇದಿಕೆಗಳಲ್ಲಿ ಈ ಭಾಗವನ್ನು ಎತ್ತಿ ಹೇಳದ ಅತಿಥಿ ಅಪರೂಪ. ಅದರ ಬೆನ್ನಿಗೇ ಬರುವ ಮಾತನ್ನು ಎತ್ತುವವರು ಕಡಿಮೆ. ಅಲ್ಲಿ ಆಚಾರ್ಯ ತನ್ನ ಬಗ್ಗೆಯೇ ಹೇಳಿಕೊಳ್ಳುತ್ತಾನೆ: ನಮ್ಮ ನಡತೆಯಲ್ಲಿ ಒಳ್ಳೆಯದು ಯಾವುದೋ ಅದನ್ನಷ್ಟೇ ನೀನು ಅನುಸರಿಸಬೇಕು, ಉಳಿದದ್ದನ್ನಲ್ಲ ಎಂಬುದು ಅದರ ತಾತ್ಪರ್ಯ. ದೇವರೆಂದು ಕಾಣಲು ಹೇಳಿದ ಬಾಯಲ್ಲೇ, ದೇವರಿಗೆ ಎಂದೂ ಹಾಕದ ಷರತ್ತು. ಶಿಷ್ಯ ಗುರುವಿನ ನಡತೆಯನ್ನು ತೂಗಿ ನೋಡಬೇಕು, ಬೇಡದ್ದನ್ನು ಬಿಡಬೇಕು. ಅದಕ್ಕೆ ಗುರುವಿನದೇ ಅಪ್ಪಣೆ. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯವೂ ಜ್ಞಾನ ಪಡೆಯಲು ಪ್ರಣಿಪಾತ, ಪರಿಪ್ರಶ್ನೆ, ಸೇವೆ ಮೂರನ್ನೂ ಒಟ್ಟಿಗೇ ಹೇಳುತ್ತದೆ. ಬೀಳ್ಕೊಡುಗೆಯ ವೇದಿಕೆಯಲ್ಲಿ ಮೊದಲನೆಯದಕ್ಕೂ ಮೂರನೆಯದಕ್ಕೂ ಧಾರಾಳ ಜಾಗವಿದೆ. ನಡುವಿನದು ಕಾರ್ಯಕ್ರಮ ಪಟ್ಟಿಯಲ್ಲೇ ಇರುವುದಿಲ್ಲ. ವಿದ್ಯಾರ್ಥಿಗಳಿಂದ ‘ಅನಿಸಿಕೆ’ ಎಂಬ ಒಂದು ಸಾಲು ಇರುತ್ತದೆ ನಿಜ, ಅದರಲ್ಲಿ ಹೊಗಳಿಕೆಯ ಹೊರತು ಬೇರೆ ಬಂದರೆ ಮೈಕು ಬೇಗ ಕೈಬದಲಾಗುತ್ತದೆ.

2024ರ ಫೆಬ್ರುವರಿಯಲ್ಲಿ ಇದೇ ವಿಷಯ ರಾಜ್ಯದ ವಿಧಾನಮಂಡಲದವರೆಗೂ ಹೋಯಿತು. ಸಮಾಜ ಕಲ್ಯಾಣ ಇಲಾಖೆಯಡಿಯ ಕೆಲವು ವಸತಿ ಶಾಲೆಗಳ ಬಾಗಿಲ ಮೇಲೆ, ಇದು ಜ್ಞಾನದ ದೇಗುಲ, ಕೈಮುಗಿದು ಬಾ ಎನ್ನುವ ಬರಹವಿತ್ತು. ಅದನ್ನು ಬದಲಿಸಿ, ಧೈರ್ಯದಿಂದ ಪ್ರಶ್ನೆ ಕೇಳು ಎನ್ನುವ ಬರಹ ಹಾಕಲಾಯಿತು. ವಿರೋಧ ಪಕ್ಷ ಗದ್ದಲವೆಬ್ಬಿಸಿತು, ಸರ್ಕಾರ ಸಮರ್ಥಿಸಿಕೊಂಡಿತು. ಎರಡೂ ಕಡೆಯವರು ಕೈಮುಗಿಯುವುದೂ ಪ್ರಶ್ನಿಸುವುದೂ ಒಂದಕ್ಕೊಂದು ವಿರುದ್ಧ ಎಂದೇ ಹಿಡಿದು ವಾದಿಸಿದಂತಿತ್ತು. ಗೀತೆಯಲ್ಲೂ ಉಪನಿಷತ್ತಿನಲ್ಲೂ ಆ ವಿರೋಧವಿಲ್ಲ. ಬಾಗಿಲಿನ ಮೇಲೆ ಎರಡು ಸಾಲಿಗೆ ಜಾಗವಿಲ್ಲದ್ದು ಬಣ್ಣ ಬಳಿಯುವವನ ತೊಂದರೆ, ತತ್ತ್ವದ್ದಲ್ಲ.

ಕಾನೂನಿನ ದೃಷ್ಟಿ ಬೇರೆ, ಅದು ಶಾಲೆ ಯಾರದೆಂಬುದನ್ನು ಮೊದಲು ಕೇಳುತ್ತದೆ. ಸಂವಿಧಾನದ 28ನೆಯ ವಿಧಿಯ ಮೊದಲ ಖಂಡದಂತೆ ಪೂರ್ಣವಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಮೂರನೆಯ ಖಂಡ ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳದು: ಅಲ್ಲಿ ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಕೂರಿಸುವಂತಿಲ್ಲ, ಮಕ್ಕಳಾದರೆ ಪಾಲಕರ ಒಪ್ಪಿಗೆ ಬೇಕು. ಗದಗ, ಮುಂಡರಗಿಗಳ ಸುತ್ತ ಸರ್ಕಾರಿ ಪ್ರೌಢಶಾಲೆಗಳೂ ಮಠಗಳ ವಿದ್ಯಾಸಂಸ್ಥೆಗಳು ನಡೆಸುವ ಶಾಲೆಗಳೂ ಅಕ್ಕಪಕ್ಕದಲ್ಲೇ ಇವೆ. ಗಮನಿಸಬೇಕಾದ ಅಂಶವೆಂದರೆ, ಪೂಜೆ ಎಂಬ ಮಾತು ಮೂರನೆಯ ಖಂಡದಲ್ಲಿದೆ, ಮೊದಲನೆಯದರಲ್ಲಿ ಇಲ್ಲ. ವರ್ಷಕ್ಕೊಮ್ಮೆ ಪಟಕ್ಕೆ ಹಾರ ಹಾಕುವುದು ಬೋಧನೆಯೇ ಎಂಬ ವಾದಕ್ಕೆ ಆ ಸಂದು ದಾರಿ ಮಾಡಿಕೊಟ್ಟಿದೆ. ಧರ್ಮಗಳ ಬಗ್ಗೆ ಕಲಿಸುವುದು ಬೇರೆ, ಒಂದು ಧರ್ಮವನ್ನು ಬೋಧಿಸುವುದು ಬೇರೆ ಎಂದು ಸುಪ್ರೀಂ ಕೋರ್ಟು 2002ರ ಅರುಣಾ ರಾಯ್ ಪ್ರಕರಣದಲ್ಲಿ ವಿಂಗಡಿಸಿತು. ಅದಕ್ಕೂ ಮೊದಲು, 1986ರ ಬಿಜೋ ಇಮ್ಯಾನುಯೆಲ್ ಪ್ರಕರಣ ಇಲ್ಲಿಗೆ ಹೆಚ್ಚು ಹತ್ತಿರ. ಕೇರಳದ ಮೂವರು ಮಕ್ಕಳು ತಮ್ಮ ಧರ್ಮನಂಬಿಕೆಯ ಕಾರಣಕ್ಕೆ ರಾಷ್ಟ್ರಗೀತೆ ಹಾಡದೆ ಗೌರವದಿಂದ ಎದ್ದುನಿಂತಿದ್ದರು. ಶಾಲೆ ಹೊರಹಾಕಿತ್ತು, ನ್ಯಾಯಾಲಯ ಮಕ್ಕಳ ಪರ ನಿಂತಿತು. ಎದ್ದುನಿಲ್ಲುವುದು ಗೌರವಕ್ಕೆ ಸಾಕು, ದನಿಗೂಡಿಸುವಂತೆ ಒತ್ತಾಯಿಸಲಾಗದು ಎಂಬ ಆ ತರ್ಕವನ್ನು ಸರಸ್ವತಿಯ ಪಟದ ಮುಂದೆ ಕೈಮುಗಿಯದೆ ನಿಂತ ಮಗುವಿಗೂ ಹಚ್ಚಬಹುದು. ಹಳ್ಳಿಯ ಶಾಲೆಯಲ್ಲಿ ಇದು ದಾವೆಯಾಗಿ ಬೆಳೆಯುವುದು ಕಡಿಮೆ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಜಿಲ್ಲೆಯಲ್ಲಿ ಕೈಮುಗಿಯುವುದನ್ನು ಜನ ಅಷ್ಟು ಲೆಕ್ಕ ಹಾಕಿ ನೋಡುವುದಿಲ್ಲ. ಆದರೂ ಹಟವಿಲ್ಲದ ಕಡೆ ಹುಟ್ಟಿದ ಸೌಹಾರ್ದವೂ ಕೇಳದೆ ಊಹಿಸಿಕೊಂಡ ಒಪ್ಪಿಗೆಯೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಬೇರೆ ಮಾಡಿ ನೋಡುವ ಹೊಣೆ ಹೆಡ್ ಮಾಸ್ತರರದು.

ಗುರುಪೂಜೆಯ ಪರವಾಗಿ ಹೇಳಲೇಬೇಕಾದ ಒಂದು ಮಾತಿದೆ, ವಿಮರ್ಶಕರು ಅದನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಹಳೆಯ ಕ್ರಮದಲ್ಲಿ ಗುರು ಯಾರಾಗಬಹುದು, ಶಿಷ್ಯ ಯಾರಾಗಬಹುದು ಎಂಬುದನ್ನು ಹುಟ್ಟು ತೀರ್ಮಾನಿಸುತ್ತಿತ್ತು. ಶರಣರು ಅದನ್ನು ಮುರಿಯಲು ಹೊರಟು ಕಲ್ಯಾಣದಲ್ಲಿ ಬೆಲೆ ತೆತ್ತರು. ಇಂದಿನ ಸರ್ಕಾರಿ ಶಾಲೆಯ ಶಿಕ್ಷಕ ಮೀಸಲಾತಿಯ ರೋಸ್ಟರಿನಲ್ಲಿ ನೇಮಕವಾದವನು, ಯಾವ ಕೇರಿಯಿಂದಲೂ ಬಂದಿರಬಹುದು. ಊರಗೌಡನ ಮನೆಯ ಹುಡುಗ ದಲಿತ ಶಿಕ್ಷಕನ ಪಾದ ಮುಟ್ಟಿ ಹಾಲ್ ಟಿಕೆಟ್ ಪಡೆಯುವುದು, ಅಕ್ಕೋರ (ಶಿಕ್ಷಕಿಯರ) ಮುಂದೆ ಗಂಡುಹುಡುಗರು ತಲೆಬಾಗುವುದು ನೂರು ವರ್ಷದ ಹಿಂದೆ ಊಹೆಗೂ ನಿಲುಕದ ದೃಶ್ಯ. ರೂಪ ಹಳೆಯದೇ, ಒಳಗಿನ ಮನುಷ್ಯರು ಬದಲಾಗಿದ್ದಾರೆ. ಕಾಲಿಗೆರಗುವುದನ್ನು ಊಳಿಗಮಾನ್ಯದ ಉಳಿಕೆಯೆಂದು ಒಂದೇ ಏಟಿಗೆ ತಳ್ಳುವವರು ಈ ಬದಲಾವಣೆಯನ್ನೂ ಅದರೊಟ್ಟಿಗೆ ತಳ್ಳಿಬಿಡುತ್ತಾರೆ.

ಊಟದಲ್ಲೂ ಇಂಥದೇ ಎರಡು ಪದರಗಳಿವೆ. ಬಿಸಿಯೂಟದ ಯೋಜನೆಗೆ ಕರ್ನಾಟಕ ಇಟ್ಟ ಹೆಸರು ಅಕ್ಷರ ದಾಸೋಹ. 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾಗಿ, 2007ರಲ್ಲಿ ಪ್ರೌಢಶಾಲೆಗೂ ಬಂತು. ದಾಸೋಹದಲ್ಲಿ ಕೊಡುವವನು ತಾನು ದಾಸನೆಂಬ ಭಾವದಿಂದ ಕೊಡಬೇಕು. ಉಣ್ಣುವವನಿಗೆ ಹಂಗಿನ ಭಾರವಿರಬಾರದು. ಸರ್ಕಾರದ ಯೋಜನೆಯಲ್ಲಿ ಅದೇ ಹಕ್ಕಾಗಿದೆ, ಹಂಗು ಆ ರೀತಿಯಲ್ಲೂ ಕಳೆಯುತ್ತದೆ. ಬೀಳ್ಕೊಡುಗೆಯ ದಿನದ ಗೋದಿ ಹುಗ್ಗಿ, ಬದನೆಕಾಯಿ ಪಲ್ಯ ಮಾತ್ರ ಊರವರ ಇಲ್ಲವೇ ಗುರುಗಳ ಖರ್ಚಿನದು. ಹಿಜರಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಈಚಿನ ವರ್ಷಗಳಲ್ಲಿ ರಂಜಾನ್ ಮಾರ್ಚ್ ದಾಟಿ ಫೆಬ್ರುವರಿಯ ಕಡೆ ಬರುತ್ತಿದೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಇಡಿಯಾಗಿಯೂ 2025ರಲ್ಲಿ ಅದರ ಹೆಚ್ಚಿನ ಭಾಗವೂ ಉಪವಾಸದ ದಿನಗಳಲ್ಲೇ ನಡೆಯಿತು. ಊಟದ ದಿನವನ್ನು ಒಂದು ವಾರ ಹಿಂದಿಡಬೇಕೆ ಎಂಬ ಸಣ್ಣ ತೀರ್ಮಾನದಲ್ಲಿ, ಪಂಕ್ತಿ ಯಾರದು ಎಂಬ ದೊಡ್ಡ ಪ್ರಶ್ನೆಗೆ ಉತ್ತರ ಸಿಕ್ಕಿರುತ್ತದೆ.

ಹೊರಟ ತಂಡ ಶಾಲೆಗೆ ಗೋಡೆ ಗಡಿಯಾರವನ್ನೋ ಖುರ್ಚಿಯನ್ನೋ ತಿಜೋರಿಯನ್ನೋ ಕೊಡುತ್ತದೆ, ಮೇಲೆ ತಂಡದ ಹೆಸರು, ವರ್ಷ ಬರೆಸಿರುತ್ತದೆ. ದಾಸೋಹದ ಕಟ್ಟುನಿಟ್ಟಿನ ಅರ್ಥಕ್ಕೆ ಇದು ಹೊಂದದು. ತೈತ್ತಿರೀಯದ ಆಚಾರ್ಯನೂ ನಾಚಿಕೆಯಿಂದ ಕೊಡು ಎಂದೇ ಹೇಳುತ್ತಾನೆ. ಆದರೆ ಡಂಬಳದ ಸೆಟ್ಟಿಗಳು ಕೊಟ್ಟದ್ದು ಇಂದಿಗೂ ಗೊತ್ತಿರುವುದು ಕಲ್ಲಿನ ಮೇಲೆ ಬರೆಸಿದ್ದರಿಂದ. ಈ ವಿಷಯದಲ್ಲಿ ಹುಡುಗರು ಶಾಸ್ತ್ರಕ್ಕಿಂತ ಶಾಸನದ ಕಡೆಗಿದ್ದಾರೆ, ಅದರಲ್ಲಿ ದೊಡ್ಡ ತಪ್ಪೇನೂ ಕಾಣುವುದಿಲ್ಲ.

ವರ್ಷಾಂತ್ಯದ ಇನ್ನೊಂದು ಸುದ್ದಿ ನಿವೃತ್ತಿಯದು. ಶಾಲೆಗೆ ಹಚ್ಚುವಾಗ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಮಾಸ್ತರರು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದ ಕಾಲವೊಂದಿತ್ತು. ಆ ಪೀಳಿಗೆಯ ಬಹಳಷ್ಟು ನೌಕರರು ಮೇ 31ರಂದೇ ನಿವೃತ್ತರಾದದ್ದು ಅದೇ ಕಾರಣಕ್ಕೆ. ಹಳೆಯ ವಿದ್ಯಾರ್ಥಿಗಳು ಇಪ್ಪತ್ತು ಮೂವತ್ತು ವರ್ಷಗಳ ನಂತರ ಸೇರಿ ನಡೆಸುವ ಗುರುವಂದನೆ ಈಗ ಉತ್ತರ ಕರ್ನಾಟಕದ ಊರೂರಿನ ರೂಢಿ, ಕೆಲವೆಡೆ ಪಾದಪೂಜೆಯೂ ನಡೆಯುತ್ತದೆ. ಇಲ್ಲಿ ಉಪನಿಷತ್ತಿನ ಷರತ್ತು ತಾನಾಗಿಯೇ ಜಾರಿಯಾಗುತ್ತದೆ: ಇಷ್ಟು ವರ್ಷ ಕಳೆದ ಮೇಲೆ ಯಾರನ್ನು ಕರೆಯಬೇಕು, ಯಾರ ಹೆಸರು ಬಂದಾಗ ಗುಂಪು ಸುಮ್ಮನಾಗುತ್ತದೆ ಎಂಬುದರಲ್ಲಿ ತೂಕ ಮುಗಿದಿರುತ್ತದೆ. ಹದಿನಾರರ ಹುಡುಗನಿಗೆ ಆ ಸೌಲಭ್ಯವಿಲ್ಲ. ಆಂತರಿಕ ಅಂಕಗಳು ಅದೇ ಗುರುಗಳ ಕೈಯಲ್ಲಿರುವಾಗ ಅವನ ನಮಸ್ಕಾರದಲ್ಲಿ ಭಕ್ತಿ ಎಷ್ಟು, ಭಯ ಎಷ್ಟು ಎಂದು ಅವನಿಗೂ ತಿಳಿದಿರುವುದಿಲ್ಲ.

ಪರೀಕ್ಷೆ ಈ ಎಲ್ಲದರ ನಂತರ ಬರುತ್ತದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದಾಗ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಆಚಾರ್ಯನ ಬೀಳ್ಕೊಡುಗೆ ಮಾತಿನಲ್ಲಿ ಸತ್ಯ ಮೊದಲು ಬರುತ್ತದೆ, ಆಚಾರ್ಯಪೂಜೆ ಆಮೇಲೆ. ಇಳಿದ ಅಂಕಿಯನ್ನು ಆ ಕ್ರಮದಲ್ಲಿ ಇಟ್ಟು ಓದಿದರೆ, ವೇದಿಕೆಯ ಭಕ್ತಿ ಕೊಠಡಿಯವರೆಗೆ ಎಲ್ಲ ಕಡೆಯೂ ಬಂದಿರಲಿಲ್ಲ ಎಂದಾಗುತ್ತದೆ. ನಕಲಿಗೆ ನೆರವಾದ ಹಿರಿಯರಿದ್ದ ಕಡೆ ಅದು ಮಕ್ಕಳ ದೋಷವಷ್ಟೇ ಅಲ್ಲ.

ಪರಿಪ್ರಶ್ನೆಗೆ ಶಾಲೆಯ ವರ್ಷದಲ್ಲಿ ಜಾಗವೇ ಇಲ್ಲವೆಂದಲ್ಲ. ಏಪ್ರಿಲ್ ಹತ್ತರ ಸುಮಾರಿಗೆ ‘ಸಮುದಾಯದತ್ತ ಶಾಲೆ’ ಎಂಬ ಹೆಸರಿನಲ್ಲಿ ಪಾಲಕರನ್ನು ಕರೆದು ಮಕ್ಕಳ ಪ್ರಗತಿ ತಿಳಿಸುವ ಸಭೆಗೆ ಪೂಜೆಯಿಲ್ಲ, ಹಾರವಿಲ್ಲ. ಗಣಿತದಲ್ಲಿ ಮಗಳು ಯಾಕೆ ಹಿಂದೆ ಬಿದ್ದಳೆಂದು ಹೊಲದಿಂದ ನೇರ ಬಂದ ತಾಯಿ ಕೇಳಬಹುದು, ಗುರುಗಳು ಉತ್ತರ ಹೇಳಬೇಕು. ಬೀಳ್ಕೊಡುಗೆಗೆ ಪೆಂಡಾಲು ಸಾಲದಾಗುವ ಊರುಗಳಲ್ಲೂ ಈ ಸಭೆಗೆ ಬರುವವರು ಕಡಿಮೆ.